ಅಜ್ಜನ ಫೇವರ್‌ಲೂಬಾ ಮತ್ತು ಎಂ.ಜಿ. ರಸ್ತೆ ಪಕ್ಕದ ವಾಚ್ ರಿಪೇರಿ ಅಂಗಡಿ

ಮನೆಯಲ್ಲಿ ಹಳೇ ಕೀ ಕೊಡೋ ವಾಚು ಕೆಟ್ಟು ಬೀರುವಿನಲ್ಲಿ ಬಿದ್ದಿದ್ದರೆ ಇದನ್ನು ಓದಿ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ, ಮೊಬೈಲ್ ಕವರ್ ಮಾರುವವರ ಪಕ್ಕ, ಇಬ್ಬರಿಗೆ ಕೂರಲು ಜಾಗವಿಲ್ಲದಷ್ಟು ಸಣ್ಣ ಅಂಗಡಿ ಇದು. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ.

ನಾನು ತಗೊಂಡು ಹೋಗಿದ್ದು ಅಜ್ಜನ ಫಾವ್ರ್-ಲ್ಯೂಬಾ. ನಮ್ಮ ಕಡೆ ಎಲ್ಲರ ಬಾಯಲ್ಲೂ ಫೇವರ್‌ಲೂಬಾ. 1737ರಲ್ಲಿ ಸ್ವಿಟ್ಜರ್‌ಲೆಂಡಿನ ಲ ಲೋಕ್ಲ್‌ನಲ್ಲಿ ಶುರುವಾಗಿ, ತಲೆಮಾರುಗಟ್ಟಲೆ ಒಂದೇ ಮನೆತನ ನಡೆಸಿದ ಕಂಪನಿ. ಹೋದ ಮಳೆಗಾಲದಲ್ಲಿ ಅದು ನನ್ನ ಕೈಯಿಂದ ಜಾರಿ ರೆಡ್ ಆಕ್ಸೈಡ್ ನೆಲದ ಮೇಲೆ ಬಿತ್ತು. ನಿಂತೇ ಹೋಯಿತು. ಬೆಂಗಳೂರಿನ ಒಂದು ದೊಡ್ಡ ಶೋರೂಮಿನಲ್ಲಿ ತೋರಿಸಿದೆ. ಹಿಂದಿನ ಮುಚ್ಚಳ ಕೂಡ ತೆಗೆಯದೆ, ಪಾರ್ಟ್ ಸಿಗಲ್ಲ, ಬೇಕಾದರೆ ಸೆಲ್ ಮಷಿನ್ ಹಾಕಿಕೊಡುತ್ತೇವೆ ಅಂದರು. ಅಜ್ಜನ ವಾಚಿಗೆ ಸೆಲ್ಲಾ! ಹೊಟ್ಟೆ ಉರಿಯಿತು, ವಾಪಸ್ ತಂದೆ.

ಇಲ್ಲಿ ಯಜಮಾನರು ಕಣ್ಣಿಗೆ ಗ್ಲಾಸ್ ಸಿಕ್ಕಿಸಿಕೊಂಡು, ಆಚೆ ಈಚೆ ತಿರುಗುತ್ತಾ ವಾಚಿಗೆ ತಾಳ ಕೊಡುವ ಬ್ಯಾಲೆನ್ಸ್ ವೀಲನ್ನು ಚಿಮಟದ ತುದಿಯಲ್ಲಿ ಮೆಲ್ಲಗೆ ಎತ್ತಿ, "ಸ್ಟಾಫ್ ಮುರಿದಿದೆ ಕಣಪ್ಪಾ, ಬೇರೇನೂ ಆಗಿಲ್ಲ" ಅಂದರು. ಸ್ಟಾಫ್ ಅಂದರೆ ಆ ಚಕ್ರದ ನಡುವಿನ ಅಚ್ಚು. ಅದರ ತುದಿಗಳು ಒಂದು ಮಿಲಿಮೀಟರಿನಲ್ಲಿ ಹತ್ತನೇ ಒಂದು ಪಾಲಿನಷ್ಟೇ ದಪ್ಪ. ಅಷ್ಟು ಸಣ್ಣದರ ಮೇಲೆ ನಿಂತು ಚಕ್ರ ಗಂಟೆಗೆ 9,000 ಸಲ ಹೋಗಿ ಬರುತ್ತದೆ, ನಮ್ಮ ಕಿವಿಗೆ 18,000 ಟಿಕ್ ಕೇಳುತ್ತದೆ. ರೆಡಿ ಪಾರ್ಟ್ ಇರಲಿಲ್ಲ. ಮುಂದಿನ ವಾರ ಹೋದಾಗ ಮೇಜಿನ ಮೇಲಿನ ಪುಟ್ಟ ಲೇತ್‌ನಲ್ಲಿ ಉಕ್ಕಿನ ಕಡ್ಡಿ ಸಿಕ್ಕಿಸಿ ತಾವೇ ಕಡೆಯುತ್ತಿದ್ದರು. ಸ್ವಲ್ಪ ಕಡೆಯೋದು, ಟ್ಯೂಬ್‌ಲೈಟಿಗೆ ಹಿಡಿದು ನೋಡೋದು, ಅಚ್ಚಿನ ತುದಿ ಕೂರುವ ಪುಟ್ಟ ಕಲ್ಲಿನ ತೂತಿಗೆ ಇಟ್ಟು ನೋಡೋದು, ಮತ್ತೆ ಕಡೆಯೋದು, ತುದಿಗೆ ಬಂದಾಗ ಉಸಿರನ್ನೇ ಹಿಡಿದುಬಿಡುತ್ತಿದ್ದರು. ಅರ್ಧ ಗಂಟೆ ನಿಂತು ನೋಡಿದೆ.

ಕಂಪನಿಗಳ ಹಂಗಿಲ್ಲದೆ ತಾವೇ ವಾಚು ಮಾಡುವ ಸ್ವಿಸ್ ಕೆಲಸಗಾರರೆಂದರೆ ನನಗೆ ತುಂಬಾ ಇಷ್ಟ. ಫಿಲಿಪ್ ದ್ಯುಫೂರ್ ಅಂತ ಒಬ್ಬರು, ವಾಲೆ ದ ಜೂ ಕಣಿವೆಯ ಒಂದು ಹಳೇ ಶಾಲೆ ಕಟ್ಟಡದಲ್ಲಿ ಕೂತು ಕೆಲಸ ಮಾಡುತ್ತಾರೆ. 2000ದಲ್ಲಿ ಅವರು ತಂದ ಸಿಂಪ್ಲಿಸಿಟಿ ವಾಚಿನಲ್ಲಿ ಮೂರು ಮುಳ್ಳು, ಅಷ್ಟೇ. ಆದರೆ ಒಳಗಿನ ಒಂದೊಂದು ಅಂಚನ್ನೂ ಜೆನ್ಷಿಯನ್ ಅನ್ನೋ ಬೆಟ್ಟದ ಗಿಡದ ಒಣ ಕಡ್ಡಿಯಿಂದ ಉಜ್ಜಿ ಹೊಳಪು ತರುತ್ತಾರೆ. 2020ರಲ್ಲಿ ಜಿನೀವಾದ ಹರಾಜಿನಲ್ಲಿ ಅಂಥದೊಂದು ವಾಚು 13 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ನಮ್ಮ ಯಜಮಾನರ ಕೆಲಸಕ್ಕೆ ಆ ಹೊಳಪು ಇದೆ ಅಂತ ನಾನು ಹೇಳಲ್ಲ. ಗ್ಲಾಸಿನಲ್ಲಿ ನೋಡಿದರೆ ಸ್ಟಾಫಿನ ನಡುಭಾಗದಲ್ಲಿ ಸಣ್ಣ ಗೆರೆ ಕಾಣುತ್ತದೆ. ಆದರೆ ಅಳತೆ ತಪ್ಪಿಲ್ಲ, ತಪ್ಪಿದ್ದರೆ ವಾಚು ನಡೆಯುತ್ತಲೇ ಇರಲಿಲ್ಲ ಅಲ್ವಾ?

ಪೆಟ್ರೋಲ್ ವಾಶ್, ಎಣ್ಣೆ, ಕೀ ಕೊಟ್ಟಾಗ ಬಿಗಿಯಾಗುವ ಮೇನ್‌ಸ್ಪ್ರಿಂಗ್ ಹೊಸದು, ಎಲ್ಲಾ ಸೇರಿ 2,200 ರೂಪಾಯಿ, ಮೂರು ವಾರ. ಡಯಲ್ ಮೇಲೆ, ಕೆಳಗೆ, ಕೀ ಕೆಳಗೆ ಹೀಗೆ ಬೇರೆ ಬೇರೆ ತರ ಇಟ್ಟು ನಡೆಸಿ ನೋಡಿ ಆಮೇಲೇ ಕೊಟ್ಟರು. ಈಗ ದಿನಕ್ಕೆ 15-20 ಸೆಕೆಂಡ್ ಮುಂದೆ ಹೋಗುತ್ತದೆ, ಈ ವಯಸ್ಸಿನ ವಾಚಿಗೆ ಅದು ಜಾಸ್ತಿ ಅಲ್ಲ.

ಒಂದು ಎಚ್ಚರಿಕೆ. ಡಯಲ್‌ಗೆ ಹೊಸ ಪೇಂಟ್ ಹೊಡೆಸಿಕೊಡಲಾ ಅಂತ ಕೇಳುತ್ತಾರೆ, ದಯವಿಟ್ಟು ಬೇಡ ಅನ್ನಿ. ಹಳೇ ಡಯಲ್ ಒಮ್ಮೆ ಹೋದರೆ ಹೋಯಿತು. ಬಿಲ್ಲೂ ಕೊಡಲ್ಲ, ಅದು ಸರಿ ಅಲ್ಲ, ಅವರಿಗೇ ಹೇಳಿದ್ದೇನೆ. ಅದರ ಬದಲು ಮುಚ್ಚಳದ ಒಳಗೆ ಸೂಜಿಯಲ್ಲಿ ತಾರೀಖು ಕೊರೆಯುತ್ತಾರೆ. ನನ್ನ ವಾಚಿನಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ತಾರೀಖಿತ್ತು, 1974ರದ್ದು. ಅದನ್ನು ಬೆರಳಲ್ಲಿ ಮುಟ್ಟಿ, "ಇದು ನಮ್ಮಪ್ಪನ ಕೈ" ಅಂದರು.

ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಒಳ್ಳೆಯದು.