ಇಟಲಿಯ ಮೂಲ ಊರು ಹುಡುಕಿಕೊಡ್ತೀವಿ ಅನ್ನುವವರಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕೋಪ ಇನ್ನೂ ಇಳಿದಿಲ್ಲ, ಬರಹ ಹಿಂದುಮುಂದಾದರೆ ಕ್ಷಮಿಸಿ. ನನ್ನ ಹಾಗೆ ಅಮೆರಿಕದಲ್ಲಿ ಇಟಲಿ ಮೂಲದ ಮನೆಗೆ ಸೊಸೆಯೋ ಅಳಿಯನೋ ಆಗಿ ಹೋದ ಕನ್ನಡದವರು ಯಾರಾದರೂ ಇದ್ದರೆ, "ನಿಮ್ಮ ಪೂರ್ವಜರ ಊರನ್ನು ಖಚಿತವಾಗಿ ಪತ್ತೆ ಮಾಡುತ್ತೇವೆ" ಅನ್ನುವ ಕಂಪನಿಗಳಿಗೆ ದುಡ್ಡು ಕಟ್ಟುವ ಮೊದಲು ಒಂದು ನಿಮಿಷ ತಡೆಯಿರಿ. ನಾವು 1200 ಡಾಲರ್ ಕಟ್ಟಿದೆವು. ಪೂರ್ತಿ ಮುಂಗಡ. ಬಂದದ್ದು ಬೇರೆ ಯಾರದೋ ತಾತನ ಊರು.

ನಮ್ಮ ಮಾವನವರ ತಾತ ಸಾಲ್ವತೋರೆ 1909ರಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದವರು. ಮನೆತನದ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಒಂದೇ ಮಾತು, ಊರು "ಟೆರ್ರಾನೋವಾ". ಮಾವನವರ ಹತ್ತಿರ ಹಡಗಿನ ಪಟ್ಟಿಯ ಒಂದು ಹಾಳೆಯ ಪ್ರಿಂಟ್ ಇತ್ತು. ಅದರಲ್ಲಿ ಹೆಸರು, ವಯಸ್ಸು, ಹಡಗು ಹತ್ತಿದ್ದು ಪಾಲೆರ್ಮೋದಲ್ಲಿ, ಊರಲ್ಲಿರುವ ಹತ್ತಿರದ ಸಂಬಂಧಿ ತಂದೆ ರೊಕ್ಕೋ. ಅಷ್ಟನ್ನೂ ಸ್ಕ್ಯಾನ್ ಮಾಡಿ ಕಳಿಸಿದೆ. ಇದರ ಜೊತೆಗೆ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಲ್ಲಿ 1911ರಲ್ಲಿ ಆದ ಮದುವೆಯ ಕಾಗದ. ಅದರಲ್ಲಿ ಸಾಲ್ವತೋರೆಯ ತಾಯಿಯ ಹೆಸರು, ತವರಿನ ಮನೆತನದ ಹೆಸರು ಎರಡೂ ಇವೆ. ಇಷ್ಟು ಕೈಗೆ ಕೊಟ್ಟರೆ ಕೆಲಸ ಗೊತ್ತಿರುವವರಿಗೆ ಸಾಕೋ ಸಾಕು.

ರಿಪೋರ್ಟ್ ಬಂತು. ಚಂದದ ಪಿಡಿಎಫ್, ಮುಖಪುಟದಲ್ಲಿ ಬೆಟ್ಟದ ಮೇಲಿನ ಊರಿನ ಫೋಟೋ. "ನಿಮ್ಮ ಊರು ಟೆರ್ರಾನೋವಾ ದಾ ಸಿಬಾರಿ, ಕಾಲಾಬ್ರಿಯಾ, ಕೊಸೆಂಜಾ ಪ್ರಾಂತ್ಯ." ಒಳಗೆ 1886ರ ಜನನ ದಾಖಲೆಯ ಚಿತ್ರ, ಹೆಸರು ಅದೇ, ಮನೆತನದ ಹೆಸರು ಅದೇ. ಮಾವ ಓದಿ ಕಣ್ಣೊರೆಸಿಕೊಂಡರು. ಅತ್ತೆ ಆ ಚಿತ್ರಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು. ಬಂದ ನೆಂಟರಿಗೆಲ್ಲ "ಇದು ನಮ್ಮ ಸೊಸೆ ಹುಡುಕಿಸಿದ್ದು" ಅಂತ ತೋರಿಸಿದ್ದೇ ತೋರಿಸಿದ್ದು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನಗೆ ಕಸಿವಿಸಿ ಶುರುವಾದದ್ದು ತಂದೆಯ ಹೆಸರಿನಿಂದ. ಅವರ ದಾಖಲೆಯಲ್ಲಿ ತಂದೆ ಫ್ರಾಂಚೆಸ್ಕೋ. ಹಡಗಿನ ಹಾಳೆಯಲ್ಲಿ ರೊಕ್ಕೋ. ಬರೆದು ಕೇಳಿದೆ. ಬಂದ ಉತ್ತರ: "ಎಲ್ಲಿಸ್ ಐಲ್ಯಾಂಡ್‌ನಲ್ಲಿ ಅಧಿಕಾರಿಗಳು ಹೆಸರು ಬದಲಿಸುತ್ತಿದ್ದರು, ಇದು ಸಾಮಾನ್ಯ."

ಇದು ಹಳೇ ಕಟ್ಟುಕಥೆ. ಎಲ್ಲಿಸ್ ಐಲ್ಯಾಂಡ್ ಅಂದರೆ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ದ್ವೀಪ. ಹಡಗಿನ ಪಟ್ಟಿ ಬರೆಯುತ್ತಿದ್ದದ್ದು ಎಲ್ಲಿಸ್ ಐಲ್ಯಾಂಡ್‌ನಲ್ಲಿ ಅಲ್ಲ, ಹಡಗು ಹೊರಡುವ ಬಂದರಿನಲ್ಲಿ, ಹಡಗು ಕಂಪನಿಯವರು. ಇಲ್ಲಿನ ಅಧಿಕಾರಿಗಳು ಆ ಪಟ್ಟಿ ಕೈಯಲ್ಲಿ ಹಿಡಿದು ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ. ಇಟಲಿಯಲ್ಲೇ ಇದ್ದ ತಂದೆಯ ಹೆಸರನ್ನು ನ್ಯೂಯಾರ್ಕಿನಲ್ಲಿ ಕೂತವನು ಯಾಕೆ ಬದಲಿಸುತ್ತಾನೆ? ಹಾಗೇ ಕೇಳಿದೆ. ಜೊತೆಗೆ, ಇಟಲಿಯ ಮುಖ್ಯ ಭೂಭಾಗದ ಕಾಲಾಬ್ರಿಯಾದವನು ಅಲ್ಲೇ ಇರುವ ನೇಪಲ್ಸ್ ಬಂದರು ಬಿಟ್ಟು ಸಮುದ್ರ ದಾಟಿ ಸಿಸಿಲಿ ದ್ವೀಪದ ಪಾಲೆರ್ಮೋಗೆ ಹೋಗಿ ಹಡಗು ಹತ್ತಿದ್ದು ಯಾಕೆ ಅಂತಲೂ ಕೇಳಿದೆ. ಉತ್ತರ: "ಕೆಲಸ ಹುಡುಕಿಕೊಂಡು ಹೋಗಿರಬಹುದು." ಸರಿ, ತಾಯಿಯ ಹೆಸರೂ ಬೇರೆ ಇದೆಯಲ್ಲ? "ಮಲತಾಯಿ ಇರಬಹುದು."

ಇರಬಹುದು, ಇರಬಹುದು. ಇರಬಹುದು ಅನ್ನುವುದಕ್ಕೆ 1200 ಡಾಲರ್ ಯಾಕೆ? ಅದನ್ನು ನಮ್ಮ ಮಾವನೇ ಪುಕ್ಕಟೆ ಹೇಳುತ್ತಿದ್ದರು.

ದಾಖಲೆಯ ಪೂರ್ತಿ ಹಾಳೆ ಕೊಡಿ ಅಂದೆ. ಯಾವ ಪತ್ರಾಗಾರ, ಯಾವ ವರ್ಷದ ಪುಸ್ತಕ, ಎಷ್ಟನೇ ನಂಬರ್ ಅಂತ ಕೇಳಿದೆ. ಈ ಕೆಲಸ ಮಾಡುವವರು ಇದನ್ನು ಕೇಳದೇನೇ ಕೊಡಬೇಕು, ಅಲ್ವಾ? ಬಂದ ಉತ್ತರ ಓದಿ: "ನಮ್ಮ ಮೂಲಗಳು ಗೋಪ್ಯ, ಗ್ರಾಹಕರಿಗೆ ಕೊಡುವುದಿಲ್ಲ." ಗೋಪ್ಯವಂತೆ! ಇಟಲಿ ಸರ್ಕಾರದ ಅಂತೆನಾತಿ ಅನ್ನುವ ಜಾಲತಾಣ ಇದೆ. ಅಲ್ಲಿನ ಸರ್ಕಾರಿ ಪತ್ರಾಗಾರಗಳ ಜನನ, ಮದುವೆ, ಮರಣದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಒಂದು ಪೈಸೆ ಇಲ್ಲ. ಯಾರು ಬೇಕಾದರೂ ನೋಡಬಹುದು.

ಒಂದು ರಾತ್ರಿ ಕೂತು ನಾನೇ ತೆಗೆದೆ. ಕೊಸೆಂಜಾ, ಟೆರ್ರಾನೋವಾ ದಾ ಸಿಬಾರಿ, ಜನನ, 1886. ಪುಸ್ತಕದ ಕೊನೆಯಲ್ಲಿ ಹೆಸರುಗಳ ಪಟ್ಟಿ ಇರುತ್ತದೆ, ಅಲ್ಲಿಂದ ನಂಬರ್ ಹಿಡಿದು ಹಾಳೆಗೆ ಹೋದೆ. ಅದೇ ಕೈಬರಹ, ಅದೇ ಶಾಯಿಯ ಕಲೆ, ನಮ್ಮ ಹಾಲ್‌ನಲ್ಲಿ ಫ್ರೇಮಿನೊಳಗೆ ಕೂತಿರುವ ಅದೇ ಹಾಳೆ. ಒಂದೇ ವ್ಯತ್ಯಾಸ. ಪೂರ್ತಿ ಹಾಳೆಗೆ ಎಡಗಡೆ ಅಗಲದ ಅಂಚು ಇದೆ. ಆ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ನಾಲ್ಕು ಸಾಲು. ಈ ಸಾಲ್ವತೋರೆ 1912ರಲ್ಲಿ ಇದೇ ಟೆರ್ರಾನೋವಾದಲ್ಲಿ ಇಂಥವಳನ್ನು ಮದುವೆಯಾದ ಅಂತ.

ಇಟಲಿಯಲ್ಲಿ ಒಬ್ಬನ ಮದುವೆಯಾದರೆ ಅವನ ಜನನ ದಾಖಲೆಯ ಅಂಚಿನಲ್ಲಿ ಅದನ್ನು ಬರೆಯುವ ಪದ್ಧತಿ. ಈ ಕಸುಬಿನವರು ಮೊದಲು ನೋಡುವುದೇ ಆ ಅಂಚು. ಇವರೂ ನೋಡಿದ್ದಾರೆ. ನೋಡಿಯೇ ಕತ್ತರಿಸಿದ್ದಾರೆ! ನಮಗೆ ಕಳಿಸಿದ ಚಿತ್ರದಲ್ಲಿ ಅಂಚೇ ಇಲ್ಲ, ನೇರ ಗೆರೆ ಎಳೆದ ಹಾಗೆ ಕತ್ತರಿಸಿ ತೆಗೆದಿದ್ದಾರೆ. ಗೊತ್ತಿಲ್ಲದೆ ಬೇರೆ ಊರು ಹೇಳಿದ್ದರೆ ಹೋಗಲಿ ಅನ್ನಬಹುದಿತ್ತು. ಇದು ಗೊತ್ತಿದ್ದೂ ಕಿವಿ ಮೇಲೆ ಹೂ ಇಟ್ಟದ್ದು. ನಮ್ಮ ತಾತ 1911ರಲ್ಲೇ ನ್ಯೂವಾರ್ಕ್‌ನಲ್ಲಿ ಮದುವೆಯಾಗಿ ಸಂಸಾರ ಹೂಡಿದ್ದಾರೆ, ಆ ಕಾಗದ ಅವರ ಕೈಗೆ ನಾನೇ ಕೊಟ್ಟಿದ್ದೆ.

ಎರಡೂ ಚಿತ್ರ ಕಳಿಸಿ ಕೇಳಿದೆ, ಏನಿದು ಅಂತ. ಎರಡು ವಾರ ಸುದ್ದಿ ಇಲ್ಲ. ಆಮೇಲೆ ಬಂದ ಮೇಲ್: "ಆ ಕಾಲದಲ್ಲಿ ಅನೇಕ ಗಂಡಸರು ಊರಿಗೆ ವಾಪಸ್ ಹೋಗಿ ಬರುತ್ತಿದ್ದರು. ನಿಮ್ಮ ಪೂರ್ವಜರಿಗೆ ಎರಡು ಸಂಸಾರ ಇದ್ದಿರುವ ಸಾಧ್ಯತೆಯಿದೆ. ಇದರ ತನಿಖೆಗೆ ಹೆಚ್ಚುವರಿ 400 ಡಾಲರ್."

ಮತ್ತೆ ಓದಿ. ಅವರ ಕಳ್ಳತನ ಮುಚ್ಚಿಕೊಳ್ಳುವುದಕ್ಕೆ ನಮ್ಮ ತಾತನಿಗೆ ಇನ್ನೊಬ್ಬ ಹೆಂಡತಿಯನ್ನು ಕಟ್ಟಿದರು, ಅದಕ್ಕೂ ನಾವೇ ದುಡ್ಡು ಕೊಡಬೇಕಂತೆ! ಈ ಮೇಲ್ ಅನ್ನು ಅತ್ತೆಗೆ ತೋರಿಸಲು ನನಗೆ ಧೈರ್ಯವಾಗಲಿಲ್ಲ.

ಹೆಸರು ಒಂದೇ ಇರುವುದು ಅಲ್ಲಿ ಏನೂ ದೊಡ್ಡ ವಿಷಯವಲ್ಲ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ನಮ್ಮ ಮನೆಗಳಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದಿಲ್ಲವೇ, ಹಾಗೆ. ನಾಲ್ಕು ಅಣ್ಣತಮ್ಮಂದಿರಿದ್ದರೆ ನಾಲ್ಕು ಮನೆಯಲ್ಲೂ ಒಬ್ಬೊಬ್ಬ ಸಾಲ್ವತೋರೆ. ಅದಕ್ಕೇ ತಂದೆ ತಾಯಿಯ ಹೆಸರು ಹೊಂದಬೇಕು ಅನ್ನುವುದು. ಇಟಲಿಯ ದಾಖಲೆಗಳಲ್ಲಿ ಹೆಂಗಸರು ಕೊನೆತನಕ ತವರಿನ ಹೆಸರಲ್ಲೇ ಇರುತ್ತಾರೆ, ಹಾಗಾಗಿ ತಾಯಿಯ ಹೆಸರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಅಸಲಿ ಊರು ಎಲ್ಲಿ ಸಿಕ್ಕಿತು ಗೊತ್ತಾ? ಹಡಗಿನ ಪಟ್ಟಿಯ ಎರಡನೇ ಹಾಳೆಯಲ್ಲಿ. 1907ರಿಂದ ಈಚಿನ ಪಟ್ಟಿಗಳಲ್ಲಿ ಒಬ್ಬೊಬ್ಬರ ವಿವರ ಎರಡು ಹಾಳೆಗೆ ಹರಡಿರುತ್ತದೆ. ಬಲಗಡೆಯ ಹಾಳೆಯ ಕೊನೆಯಲ್ಲಿ ಹುಟ್ಟಿದ ಊರಿನ ಕಾಲಂ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಮಾವನ ಹತ್ತಿರ ಇದ್ದದ್ದು ಎಡಗಡೆಯದು ಮಾತ್ರ, ನಾನು ಮುಂದಿನ ಚಿತ್ರ ಒತ್ತಿದೆ, ಬಂತು: "ಟೆರ್ರಾನೋವಾ, ಕಾಲ್ಟನಿಸೆಟ್ಟಾ". ಕಾಲ್ಟನಿಸೆಟ್ಟಾ ಅಂದರೆ ಸಿಸಿಲಿಯ ಒಂದು ಪ್ರಾಂತ್ಯ.

ಇದನ್ನು ಕಂಪನಿಗೆ ಕಳಿಸಿದರೆ ಏನಂದರು? "ಸಿಸಿಲಿಯ ನಕ್ಷೆಯಲ್ಲಿ ಆ ಪ್ರಾಂತ್ಯದಲ್ಲಿ ಟೆರ್ರಾನೋವಾ ಅನ್ನುವ ಊರೇ ಇಲ್ಲ."

ಇಲ್ಲ ನಿಜ. ಯಾಕೆಂದರೆ ಅದು ಈಗ ಜೆಲಾ. ನಮ್ಮೂರಿನ ಲೈಬ್ರರಿಯಲ್ಲಿ ವಂಶಾವಳಿ ಹುಡುಕಲು ಸಹಾಯ ಮಾಡುವ ಒಬ್ಬ ಅಜ್ಜಿ ಇದ್ದಾರೆ, ಕಾಗದ ನೋಡಿದ ತಕ್ಷಣ ಹೇಳಿದರು. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಕಟ್ಟಿಸಿದ ಊರು, ನೂರಾರು ವರ್ಷ ಟೆರ್ರಾನೋವಾ ಅಂತಲೇ ಇತ್ತು, ಮುಸೊಲಿನಿ ಕಾಲದಲ್ಲಿ ಅಲ್ಲಿದ್ದ ಪುರಾತನ ಗ್ರೀಕ್ ಪಟ್ಟಣದ ಹೆಸರನ್ನು ವಾಪಸ್ ಇಟ್ಟರು. ಹೆಸರು ಬದಲಾದದ್ದು ಅದೊಂದೇ ಅಲ್ಲ. ಜಿರ್ಜೆಂತಿ 1927ರಲ್ಲಿ ಅಗ್ರಿಜೆಂತೋ ಆಯಿತು, ಕಾಸ್ತ್ರೋಜೊವಾನ್ನಿ ಎನ್ನಾ ಆಯಿತು, ಸಾರ್ಡೀನಿಯಾದಲ್ಲಿ ಇನ್ನೊಂದು ಟೆರ್ರಾನೋವಾ ಈಗ ಓಲ್ಬಿಯಾ. ಇಟಲಿಯ ಊರು ಹುಡುಕಲು ದುಡ್ಡು ತೆಗೆದುಕೊಳ್ಳುವವರಿಗೆ ಇಷ್ಟೂ ಗೊತ್ತಿರಬೇಡವೇ? 1909ರ ಕಾಗದ ಹಿಡಿದು ಇವತ್ತಿನ ಫೋನಿನ ನಕ್ಷೆಯಲ್ಲಿ ಹುಡುಕಿದ್ದಾರೆ, ಅಷ್ಟೇ ಅವರು ಮಾಡಿದ ಸಂಶೋಧನೆ.

ಕಾಲ್ಟನಿಸೆಟ್ಟಾ ಪ್ರಾಂತ್ಯದ ಪುಸ್ತಕಗಳಲ್ಲಿ ನಮ್ಮ ಸಾಲ್ವತೋರೆ ಸಿಕ್ಕರು. ತಂದೆ ರೊಕ್ಕೋ. ತಾಯಿಯ ಹೆಸರು ನ್ಯೂವಾರ್ಕ್ ಮದುವೆ ಕಾಗದದಲ್ಲಿ ಇದ್ದದ್ದೇ. ಮಾವ ಫ್ರೇಮ್ ಬಿಚ್ಚಿದರು, ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ದುಡ್ಡು ವಾಪಸ್ ಕೇಳಿದ್ದಕ್ಕೆ "ಸಂಶೋಧನೆಯ ಶ್ರಮಕ್ಕೆ ಶುಲ್ಕ, ಫಲಿತಾಂಶಕ್ಕಲ್ಲ" ಅಂದರು. "ಖಚಿತವಾಗಿ" ಅಂತ ಜಾಹೀರಾತಿನಲ್ಲಿ ಬರೆದವರು ಇವರೇ. ಅದರ ಮಾರನೇ ವಾರ ನನ್ನ ಗಂಡನಿಗೆ ಇನ್ನೊಂದು ಮೇಲ್: ಮುತ್ತಾತನ ಆಧಾರದಲ್ಲಿ ಇಟಲಿ ಪೌರತ್ವ ಮಾಡಿಸಿಕೊಡ್ತೀವಿ, 15% ರಿಯಾಯಿತಿ. 2025ರ ಮಾರ್ಚ್‌ನಲ್ಲಿ ಇಟಲಿ ಆ ಕಾನೂನನ್ನೇ ಬಿಗಿ ಮಾಡಿದೆ, ಈಗ ಸಾಮಾನ್ಯವಾಗಿ ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿಯ ತನಕ ಮಾತ್ರ. ಮುತ್ತಾತನ ಹೆಸರು ಹೇಳಿ ಇನ್ನೂ ದುಡ್ಡು ಕೀಳುತ್ತಿದ್ದಾರೆ.

ಹುಡುಕಬೇಕು ಅಂತಿದ್ದರೆ ಮೊದಲು ಅಂತೆನಾತಿ, ವಂಶಾವಳಿ ಜಾಲತಾಣ ಫ್ಯಾಮಿಲಿಸರ್ಚ್ ಎರಡನ್ನೂ ನೀವೇ ನೋಡಿ, ಎರಡೂ ಪುಕ್ಕಟೆ. ಹಡಗಿನ ಪಟ್ಟಿಯ ಎರಡೂ ಹಾಳೆ ತೆಗೆಯಿರಿ. ಯಾರಿಗಾದರೂ ದುಡ್ಡು ಕೊಟ್ಟೇ ಕೊಡ್ತೀವಿ ಅಂದರೆ ಅಂಚಿನ ಸಮೇತ ಪೂರ್ತಿ ಹಾಳೆಯ ಚಿತ್ರ ಕೊಡುತ್ತೇವೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅವರು ಕತ್ತರಿಸಿದ ಚಿತ್ರ, ಪೂರ್ತಿ ಹಾಳೆ, ಎರಡನ್ನೂ ಪಕ್ಕಪಕ್ಕ ಇಟ್ಟು ಕ್ರೆಡಿಟ್ ಕಾರ್ಡಿನವರಿಗೆ ದೂರು ಕೊಟ್ಟಿದ್ದೇನೆ. "ಪರಿಶೀಲನೆಯಲ್ಲಿದೆ" ಅಂತ ಬಂದಿದೆ. ಆ ಎರಡು ಸಂಸಾರದ ಮೇಲ್ ಅನ್ನೂ ಜೊತೆಗೆ ಸೇರಿಸಿದ್ದೇನೆ.