ಪಿಗ್ಮಿ ಕಲೆಕ್ಟರ್‌ಗಳಿಗೆ ಆನ್‌ಲೈನ್ ಕ್ಲಾಸು: ಒಂದು ವರ್ಷದ ಅನುಭವ

ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ನಾನು ಅಕೌಂಟೆಂಟ್. 22 ವರ್ಷ ಆಯಿತು. ಕಳೆದ ವರ್ಷ ನಮ್ಮ 11 ಪಿಗ್ಮಿ ಕಲೆಕ್ಟರ್‌ಗಳ (ದಿನಾ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಉಳಿತಾಯದ ದುಡ್ಡು ತರುವವರು) ಕೈಯಿಂದ ಹಳೆಯ ಮೆಷಿನ್ ತೆಗೆದು ಮೊಬೈಲ್ ಆ್ಯಪ್ ಕೊಟ್ಟೆವು. ಆ್ಯಪ್ ಮಾಡಿದ ಕಂಪನಿಯೇ ಅದರ ಜೊತೆಗೆ ಆನ್‌ಲೈನ್ ತರಬೇತಿಯನ್ನೂ ಮಾರಿತು. ನಾನು ಬರೆಯುತ್ತಿರುವುದು ಆ ತರಬೇತಿಯ ಬಗ್ಗೆ. ಆ್ಯಪ್ ಪರವಾಗಿಲ್ಲ, ಅದರ ಮೇಲೆ ದೂರಿಲ್ಲ. ಕಂಪನಿಯ ಹೆಸರು ಹೇಳುವುದಿಲ್ಲ. ಇಂಥ ಪ್ಯಾಕೇಜನ್ನು ಈಗ ಸುಮಾರು ಜನ ಮಾರುತ್ತಾರೆ.

ಕೊಟ್ಟದ್ದು 18,000 ರೂಪಾಯಿ. ಬಂದದ್ದು 14 ವಿಡಿಯೋ, ಒಂದೊಂದು ವಿಡಿಯೋ ಮುಗಿದಾಗ 5 ಪ್ರಶ್ನೆ, ಮೂರು ಲೈವ್ ಕ್ಲಾಸು, ಕೊನೆಗೆ ಸರ್ಟಿಫಿಕೇಟು. ಜೊತೆಗೆ ಅಭ್ಯಾಸ ಮಾಡಲು ಒಂದು ಟೆಸ್ಟ್ ಲಾಗಿನ್.

ಜೂನ್ ತಿಂಗಳಲ್ಲೇ ಶುರು ಮಾಡಿದೆವು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ ಬೋಟೆಲ್ಲ ದಡದಲ್ಲಿ, ಪಿಗ್ಮಿಯೂ ಕಡಿಮೆ. ಕಲಿಯಲು ಪುರುಸೊತ್ತು ಸಿಗುತ್ತದೆ ಎಂಬುದು ನನ್ನ ಲೆಕ್ಕ. ಮಳೆಗೆ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಹೋಗುತ್ತವೆ ಅನ್ನುವುದು ಆ ಲೆಕ್ಕದಲ್ಲಿ ಬಿಟ್ಟುಹೋಯಿತು. ವಿಡಿಯೋಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳುವ ಹಾಗೂ ಇರಲಿಲ್ಲ.

ಮೊದಲ ವಿಡಿಯೋದ ಹೆಸರು ‘ಪಿಗ್ಮಿ ಎಂದರೇನು?’. ಏಳು ನಿಮಿಷ. ಉಡುಪಿಯವರಿಗೆ! ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ನಮ್ಮೂರಿನ ಬ್ಯಾಂಕು ದಿನಕ್ಕೆ 2 ಆಣೆಯ ಪಿಗ್ಮಿ ಶುರು ಮಾಡಿದ್ದು 1928ರಲ್ಲಿ. ರಥಬೀದಿ ರೂಟಿನವರು ಎರಡನೇ ನಿಮಿಷಕ್ಕೇ ಫೋನ್ ಮಗುಚಿ ಹಾಕಿದರು. “ಎಂತ ಮಾರಾಯ್ರೆ, ನಮ್ಮ ಅಜ್ಜ ಪಿಗ್ಮಿ ಕಟ್ಟಿದವರು. ನಮಗೇ ಕಲಿಸುದಾ ಇವರು?”

ಆಮೇಲಿನ ವಿಡಿಯೋಗಳಲ್ಲಿ ಕನ್ನಡ ಉಂಟು, ಆದರೆ ಅದು ಯಾರೂ ಮಾತಾಡುವ ಕನ್ನಡ ಅಲ್ಲ. ಮೆಷಿನ್ ಓದಿದ ದನಿ. “ದತ್ತಾಂಶವನ್ನು ಸಮಕಾಲಿಕಗೊಳಿಸಿ” ಎಂದು ಅದು ಹೇಳಿದಾಗ ಹನ್ನೊಂದು ಜನವೂ ನನ್ನ ಮುಖ ನೋಡಿದರು. ಸಿಂಕ್ ಮಾಡುವುದು ಎಂದೆ. “ಸಿಂಕ್ ಅಂದ್ರೆ ಕೈ ತೊಳೆಯುದಲ್ವಾ ಅಕ್ಕ?” ಎಂದರು ಮಲ್ಪೆ ರೂಟಿನವರು. ತಮಾಷೆಗೆ ಹೇಳಿದರೋ ನಿಜವಾಗಿ ಕೇಳಿದರೋ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ನಾವು ಅದಕ್ಕೆ ‘ಲೆಕ್ಕ ಕಳಿಸುವುದು’ ಎಂದು ಹೆಸರಿಟ್ಟೆವು. ಈಗಲೂ ಸಂಜೆ ಐದೂವರೆಗೆ ನಾನು ಕೇಳುವುದು ಅದನ್ನೇ: ಲೆಕ್ಕ ಕಳಿಸಿದ್ರಾ?

ಪ್ರಶ್ನೆಗಳ ವಿಷಯ ಹೇಳದಿರುವುದೇ ಒಳ್ಳೆಯದು. ಮಲ್ಪೆ ರೂಟಿನವರಿಗೆ 57 ವರ್ಷ. ವಾಟ್ಸಾಪಿನಲ್ಲಿ ಬಂದ ಫೋಟೋ ದೊಡ್ಡದು ಮಾಡಿ ನೋಡಲು ಕಷ್ಟಪಡುವವರು. ಅವರಿಗೆ 70ಕ್ಕೆ 70 ಬಂತು! ಪಿಯುಸಿ ಓದುವ ಮಗಳು ಒಂದೇ ಸಂಜೆ ಕೂತು ಎಲ್ಲ ಮುಗಿಸಿದ್ದಳು. ಉಳಿದವರ ಮನೆಯಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಕಂಪನಿಯಿಂದ ‘ತರಬೇತಿ ಶೇ. 100 ಪೂರ್ಣ’ ಎಂದು ಬಣ್ಣದ ವರದಿ ಬಂತು. ನಿರ್ದೇಶಕರ ಸಭೆಯಲ್ಲಿ ಎಲ್ಲರಿಗೂ ಖುಷಿ. ನಾನೂ ಬಾಯಿ ಮುಚ್ಚಿ ಕೂತೆ.

ಲೈವ್ ಕ್ಲಾಸಿನ ಹುಡುಗ ಒಳ್ಳೆಯವನೇ. ತಾಳ್ಮೆ ಇತ್ತು. ಆದರೆ ಝೂಮ್‌ನ ಉಚಿತ ಖಾತೆಯಲ್ಲಿ ಕ್ಲಾಸು ಮಾಡುತ್ತಿದ್ದ. 40 ನಿಮಿಷಕ್ಕೆ ತಾನಾಗಿ ಕಟ್. ಮತ್ತೆ ಎಲ್ಲರೂ ಲಿಂಕ್ ಒತ್ತಿ ಒಳಗೆ ಬರುವಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತಿತ್ತು. 18,000 ತೆಗೆದುಕೊಂಡವರು ಇಷ್ಟಾದರೂ ಖರ್ಚು ಮಾಡಬಹುದಿತ್ತು ಅಲ್ವಾ?

ಇನ್ನು ಟೆಸ್ಟ್ ಲಾಗಿನ್. ಈ ಪ್ಯಾಕೇಜಿನಲ್ಲಿ ದುಡ್ಡು ಕೊಟ್ಟದ್ದಕ್ಕೆ ಬೆಲೆ ಬಂದದ್ದು ಇದೊಂದಕ್ಕೆ.

ನಮ್ಮ ಗ್ರಾಹಕರ ಪಟ್ಟಿಯದೇ ಒಂದು ಪ್ರತಿಯನ್ನು ಅದರಲ್ಲಿ ಹಾಕಿ ಕೊಟ್ಟಿದ್ದರು. ಎಷ್ಟು ಬೇಕಾದರೂ ಒತ್ತಿ, ತಪ್ಪು ಮಾಡಿ, ಯಾರಿಗೂ ನಷ್ಟ ಇಲ್ಲ. ವಿಡಿಯೋ ನೋಡುವಾಗ ಆಕಳಿಸುತ್ತಿದ್ದವರು ಇಲ್ಲಿ ಮಕ್ಕಳಾದರು. ಮೊದಲ ದಿನವೇ ನನ್ನ ಖಾತೆಗೆ ಎರಡು ಕೋಟಿ ಜಮಾ! “ಅಕ್ಕ, ಇವತ್ತು ಚಾ ನಿಮ್ಮದೇ.” ಮೂರು ದಿನದಲ್ಲಿ ಬೆರಳಿಗೆ ದಾರಿ ಸಿಕ್ಕಿತು. ವಿಡಿಯೋದಿಂದ ಮೂರು ವಾರದಲ್ಲೂ ಆಗದ ಕೆಲಸ ಅದು.

ಎಡವಟ್ಟು ಆದದ್ದೂ ಅಲ್ಲೇ. ಟೆಸ್ಟ್ ಲಾಗಿನ್ನಿಗೂ ನಿಜವಾದ ಲಾಗಿನ್ನಿಗೂ ನೋಡಲು ಏನೇನೂ ವ್ಯತ್ಯಾಸ ಇರಲಿಲ್ಲ. ಅದೇ ನೀಲಿ ಪರದೆ, ಅವೇ ಹೆಸರುಗಳು. ಆ್ಯಪನ್ನು ನಿಜವಾಗಿ ಬಳಸಲು ಶುರು ಮಾಡಿದ ನಾಲ್ಕನೇ ದಿನ ಕಲ್ಸಂಕ ರೂಟಿನವರು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ 31 ಅಂಗಡಿ ಸುತ್ತಿ 4,350 ರೂಪಾಯಿ ತಂದರು. ಎಲ್ಲರಿಗೂ ಚೀಟಿಯನ್ನೂ ಕೊಟ್ಟಿದ್ದರು. ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಅವರ ಹೆಸರಿನ ಮುಂದೆ ಸೊನ್ನೆ. ಅಷ್ಟೂ ಟೆಸ್ಟ್ ಲಾಗಿನ್ನಿನಲ್ಲಿ ಬಿದ್ದಿತ್ತು. ದುಡ್ಡಿನ ಚೀಲ ಮೇಜಿನ ಮೇಲಿಟ್ಟು ಮಾತಾಡದೆ ನಿಂತುಬಿಟ್ಟರು. ಮೂವತ್ತು ವರ್ಷದಲ್ಲಿ ಒಂದು ರೂಪಾಯಿ ಆಚೀಚೆ ಮಾಡದ ಮನುಷ್ಯ. ಬೆವರು ಇಳಿಯುತ್ತಿತ್ತು.

ಪುಣ್ಯಕ್ಕೆ ಅವರ ಹತ್ತಿರ ಪುಸ್ತಕ ಇತ್ತು. ಒಂದು ವಾರದ ನಂತರ ಕೈಬರಹ ನಿಲ್ಲಿಸಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು 45 ದಿನ ಆ್ಯಪ್ ಮತ್ತು ಪುಸ್ತಕ ಎರಡೂ ನಡೆಯಲಿ ಎಂದಿದ್ದೆ. ಡಬಲ್ ಕೆಲಸ ಎಂದು ಎಲ್ಲರೂ ಗೊಣಗಿದ್ದರು. ಆ ಸಂಜೆ ಇಬ್ಬರೂ ಕೂತು ಪುಸ್ತಕ ನೋಡಿ 31 ಎಂಟ್ರಿ ಮತ್ತೆ ಹಾಕಿದೆವು. ಮರುದಿನದಿಂದ ಗೊಣಗಾಟ ಇಲ್ಲ. ಕಂಪನಿಗೆ ಹೇಳಿದ ಮೇಲೆ ಟೆಸ್ಟ್ ಲಾಗಿನ್ನಿನ ತಲೆಯ ಮೇಲೆ ಕೆಂಪು ಪಟ್ಟಿ ಹಾಕಿಕೊಟ್ಟರು. ಎರಡು ವಾರ ತೆಗೆದುಕೊಂಡರು. ಆದರೂ ಮಾಡಿದರು, ಅದನ್ನು ಹೇಳಬೇಕು.

14 ವಿಡಿಯೋ ಪೂರ್ತಿ ಹುಡುಕಿದರೂ ಸಿಗದ ಒಂದು ವಿಷಯ ಪ್ರಿಂಟರಿನ ಕಾಗದದ್ದು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಸಣ್ಣ ಬ್ಲೂಟೂತ್ ಪ್ರಿಂಟರಿಗೆ ಶಾಯಿ ಇಲ್ಲ, ಬಿಸಿಗೆ ಕಾಗದವೇ ಕಪ್ಪಾಗುವುದು. ಆ ಲೇಪ ಇರುವುದು ಕಾಗದದ ಒಂದೇ ಬದಿಗೆ. ರೋಲ್ ಉಲ್ಟಾ ಹಾಕಿದರೆ ಚೀಟಿ ಬರುತ್ತದೆ, ಅಕ್ಷರ ಬರುವುದಿಲ್ಲ. ಮೊದಲ ವಾರ ನಾಲ್ಕು ಜನ ಪ್ರಿಂಟರ್ ಹಾಳಾಯಿತು ಎಂದು ವಾಪಸ್ ತಂದರು. ಉಪಾಯ ಕಂಡುಹಿಡಿದವರು ನಮ್ಮ ಮಲ್ಪೆಯವರೇ. ರೋಲಿನ ಮೇಲೆ ಉಗುರಲ್ಲಿ ಒಮ್ಮೆ ಜೋರಾಗಿ ಗೀರುವುದು. ಕಪ್ಪು ಗೆರೆ ಬಿದ್ದರೆ ಅದೇ ಅಚ್ಚಾಗುವ ಬದಿ.

ಅದನ್ನು ಅವರಿಂದಲೇ ಮೊಬೈಲಿನಲ್ಲಿ ಹೇಳಿಸಿ ಗ್ರೂಪಿಗೆ ಹಾಕಿದೆ. ತುಳುವಿನಲ್ಲಿ, ಒಂದೂವರೆ ನಿಮಿಷ. ಹಿಂದೆ ಮಳೆ ಸುರಿಯುವ ಸದ್ದು, ಮಧ್ಯೆ ಯಾರೋ ಅವರನ್ನು ಕರೆಯುತ್ತಾರೆ, “ಒಂಜಿ ನಿಮಿಷ” ಎಂದು ಇವರು ಕೂಗುತ್ತಾರೆ. ಕ್ವಾಲಿಟಿ ಅಂದರೆ ಏನೂ ಇಲ್ಲ. ಆದರೆ ಹನ್ನೊಂದು ಜನವೂ ಪೂರ್ತಿ ನೋಡಿದ ಮೊದಲ ವಿಡಿಯೋ ಅದು. ಆಮೇಲೆ ಇಂಥವು ಒಂಬತ್ತು ಆದವು. ನೆಟ್‌ವರ್ಕ್ ಇಲ್ಲದಾಗ ಎಂಟ್ರಿ ಫೋನಿನಲ್ಲೇ ಉಳಿದು ಆಮೇಲೆ ಹೋಗುತ್ತದೆ, ಹೆದರಬೇಡಿ ಎನ್ನುವುದು ಒಂದು. ಒದ್ದೆ ಕೈಯಲ್ಲಿ ಪರದೆ ಒತ್ತಿದರೆ 100 ಹೋಗಿ 1,000 ಆಗುತ್ತದೆ, ಮೊದಲು ಕೈ ಒರೆಸಿ ಎನ್ನುವುದು ಇನ್ನೊಂದು. ಮೀನು ಮಾರ್ಕೆಟಿನಲ್ಲಿ ನಿಂತು ದುಡ್ಡು ಎಣಿಸಿದವರಿಗಲ್ಲದೆ ಬೇರೆ ಯಾರಿಗೆ ಇದು ಹೊಳೆಯಬೇಕು? ಕಂಪನಿಯ ವಿಡಿಯೋ ಯಾವ ಗುಂಡಿ ಎಲ್ಲಿದೆ ಎಂದು ಕಲಿಸಿತು, ಅಷ್ಟೇ.

ಗ್ರಾಹಕರಿಗೆ ಹೇಗೆ ಒಗ್ಗಿಸಬೇಕು ಅನ್ನುವ ಬಗ್ಗೆಯೂ ಒಂದು ಮಾತಿಲ್ಲ. ರಥಬೀದಿಯಲ್ಲಿ ಹೂ ಮಾರುವ ಅಮ್ಮ ಒಬ್ಬರು ಎರಡು ತಿಂಗಳ ಚೀಟಿಗಳನ್ನು ಎಲೆಅಡಿಕೆ ಚೀಲದಲ್ಲಿ ಜೋಪಾನ ಮಾಡಿದ್ದರು. ತೆಗೆದು ನೋಡಿದರೆ ಅರ್ಧಕ್ಕರ್ಧ ಬಿಳಿ ಕಾಗದ. ಇಂಥ ಅಚ್ಚು ಬಿಸಿಲು ಸೆಕೆಗೆ ಮಾಸುತ್ತದೆ. “ನನ್ನ ದುಡ್ಡು ಎಲ್ಲಿಗೆ ಹೋಯ್ತು ಮಗಾ?” ಎಂದು ಕೇಳಿದರಂತೆ. ಈಗ ಅವರಿಗೆ ಚೀಟಿಯ ಜೊತೆ ಕಾರ್ಡಿನಲ್ಲಿ ಪೆನ್ನಿನ ಸಹಿಯೂ ಉಂಟು. ಕೇಳಿದವರಿಗೆಲ್ಲ ಹಾಗೇ ಮಾಡುತ್ತೇವೆ.

ಅಂಕ ಕೊಡುವುದಾದರೆ ಐದಕ್ಕೆ ಎರಡೂವರೆ. ಅದರಲ್ಲಿ ಎರಡು ಟೆಸ್ಟ್ ಲಾಗಿನ್ನಿಗೆ, ಅರ್ಧ ಆ ಲೈವ್ ಕ್ಲಾಸಿನ ಹುಡುಗನ ತಾಳ್ಮೆಗೆ. ನೀವು ಇಂಥದ್ದು ತೆಗೆದುಕೊಳ್ಳುವುದಾದರೆ ವಿಡಿಯೋ ಎಷ್ಟು ಎಂದು ಕೇಳಬೇಡಿ. ಟೆಸ್ಟ್ ಲಾಗಿನ್ ಉಂಟಾ, ಅದರ ಬಣ್ಣ ಬೇರೆ ಉಂಟಾ ಎಂದು ಕೇಳಿ. ಪುಸ್ತಕವನ್ನು ಬೇಗ ಕಪಾಟಿಗೆ ಹಾಕಬೇಡಿ.

ಮೊನ್ನೆ ಕಂಪನಿಯಿಂದ ಫೋನ್ ಬಂದಿತ್ತು, ರಿನ್ಯೂ ಮಾಡ್ತೀರಾ ಎಂದು. ವಿಡಿಯೋ ಬೇಡ, ಸರ್ಟಿಫಿಕೇಟೂ ಬೇಡ, ಹೊಸಬರು ಸೇರಿದಾಗ ಕಲಿಸಲು ಟೆಸ್ಟ್ ಲಾಗಿನ್ ಒಂದನ್ನೇ ಕೊಡಿ, ಎಷ್ಟಾಗುತ್ತದೆ ಎಂದೆ. ಹಾಗೆ ಬಿಡಿಬಿಡಿಯಾಗಿ ಕೊಡುವ ಪ್ಲಾನ್ ಇಲ್ಲ ಮೇಡಂ, ಕೇಳಿ ಹೇಳ್ತೇನೆ ಎಂದರು. ಒಂಬತ್ತು ದಿನ ಆಯಿತು.