ಕರಿದ ಎಣ್ಣೆಯಲ್ಲಿ ಹಳೆ ಡೀಸೆಲ್ ಕಾರು: ಕೆಲವು ವರ್ಷ ಓಡಿಸಿದ ಮೇಲೆ

ನನ್ನದು ಮರ್ಸಿಡಿಸ್ 300ಡಿ, ಡಬ್ಲ್ಯೂ123 ಸರಣಿಯದು. ಓಎಂ617 ಇಂಜಿನ್, 5 ಸಿಲಿಂಡರ್, 3 ಲೀಟರ್. ಕೆಲವು ವರ್ಷಗಳಿಂದ ಇದು ಬಹುಪಾಲು ಓಡುತ್ತಿರುವುದು ಕರಿದು ಬಿಟ್ಟ ಅಡುಗೆ ಎಣ್ಣೆಯಲ್ಲೇ. ಇಂಜಿನ್ ಈಗಲೂ ಗಟ್ಟಿಯಾಗಿದೆ. ಇದಕ್ಕೆ ಕಾರನ್ನು ಎಣ್ಣೆಗೆ ಒಗ್ಗಿಸಲು ಹಾಕುವ ದುಬಾರಿ ಕಿಟ್ ಕಾರಣ ಅಲ್ಲ. ಎಣ್ಣೆಯಲ್ಲಿ ನೀರಿರಬಾರದು, ಇಂಜಿನ್‌ಗೆ ಇಂಧನ ಒತ್ತುವ ಪಂಪ್‌ಗೆ ಹೋಗುವಾಗ ಅದು ಚೆನ್ನಾಗಿ ಬಿಸಿಯಾಗಿರಬೇಕು. ಈ ಎರಡು ವಿಷಯದಲ್ಲಿ ನಾನು ಯಾವತ್ತೂ ರಾಜಿ ಮಾಡಿಕೊಂಡಿಲ್ಲ.

ಮೊದಲು ಒಂದು ಮಾತು. ಇಂಜಿನ್‌ನಿಂದ ಇಳಿಸಿದ ಕಪ್ಪು ಆಯಿಲನ್ನೇ ಸೋಸಿ ಡೀಸೆಲ್ ಜೊತೆ ಬೆರೆಸಿ ಓಡಿಸುವವರೂ ಇದ್ದಾರೆ. ನಾನು ಅದನ್ನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಆ ಆಯಿಲ್‌ನಲ್ಲಿ ಸತು, ರಂಜಕ, ಕ್ಯಾಲ್ಸಿಯಂ ಇರುವ ರಾಸಾಯನಿಕಗಳು ಕರಗಿರುತ್ತವೆ. ಕರಗಿದ್ದನ್ನು ಯಾವ ಫಿಲ್ಟರೂ ಹಿಡಿಯುವುದಿಲ್ಲ. ಉರಿದ ಮೇಲೆ ಅದು ಬೂದಿಯಾಗಿ ಒಳಗೇ ಕೂರುತ್ತದೆ. ಮಸಿ ತಳಕ್ಕೆ ಇಳಿಯದೆ ಆಯಿಲ್‌ನಲ್ಲೇ ತೇಲುತ್ತಿರಲಿ ಅಂತಲೇ ಇಂಜಿನ್ ಆಯಿಲ್ ತಯಾರಾಗುತ್ತದೆ. ಹಾಗಾಗಿ ಎಷ್ಟು ದಿನ ಇಟ್ಟರೂ ಅದು ತಿಳಿಯಾಗುವುದಿಲ್ಲ. ಇನ್ನು ಅದರ ಹೊಗೆ ಉಸಿರಾಡುವವರು ನಿಮ್ಮ ಹಿಂದೆ ಬರುವ ಜನ.

ಅಡುಗೆ ಎಣ್ಣೆಯ ಸಮಸ್ಯೆ ಬೇರೆ. ಅದು ಮಂದ. ಯುರೋಪಿನ ಡೀಸೆಲ್ ಮಾನದಂಡ ಇಎನ್ 590 ಪ್ರಕಾರ 40 ಡಿಗ್ರಿಯಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಎಷ್ಟು ಮಂದ ಅನ್ನುವ ಅಳತೆ, 2ರಿಂದ 4.5 ಸೆಂಟಿಸ್ಟೋಕ್ ಇರಬೇಕು. ಸಸ್ಯದ ಎಣ್ಣೆಗಳದ್ದು ಅದೇ ಬಿಸಿಯಲ್ಲಿ 30ರಿಂದ 40. ಇಷ್ಟು ಮಂದ ಇದ್ದರೆ ಇಂಜಿನ್ ಒಳಗೆ ಇಂಧನ ಚಿಮ್ಮಿಸುವ ನಾಜಲ್‌ನಿಂದ ಮಂಜಿನ ಹಾಗೆ ಹೊರಡಬೇಕಾದ ಇಂಧನ ಹನಿಹನಿಯಾಗಿ ಬೀಳುತ್ತದೆ. ಅರ್ಧ ಉರಿದು ನಾಜಲ್ ತುದಿಯಲ್ಲಿ, ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ಕರಕಲು ಕಟ್ಟುತ್ತದೆ. ಎಣ್ಣೆಯನ್ನು 70–80 ಡಿಗ್ರಿಗೆ ಕಾಯಿಸಿದರೆ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.

ಅದಕ್ಕೇ ನನ್ನ ಕಾರಿನಲ್ಲಿ ಎರಡು ಟ್ಯಾಂಕ್. ಸ್ಟಾರ್ಟ್ ಮಾಡುವುದು ಡೀಸೆಲ್‌ನಲ್ಲಿ. ಇಂಜಿನ್‌ನ ಬಿಸಿ ಕೂಲೆಂಟ್ ಎಣ್ಣೆಯ ಟ್ಯಾಂಕ್, ಪೈಪ್, ಫಿಲ್ಟರ್ ಎಲ್ಲವನ್ನೂ ಸುತ್ತಿ ಬರುತ್ತದೆ. ಎಣ್ಣೆ ಕಾದ ಮೇಲೆ ಸ್ವಿಚ್ ಒತ್ತುತ್ತೇನೆ. ಸ್ವಲ್ಪ ಹೊತ್ತಿಗೆ ಡೀಸೆಲ್‌ನ ಆ ಕಟಕಟ ಸದ್ದು ಮೆತ್ತಗಾಗುತ್ತದೆ. ಕಿವಿಗೇ ಗೊತ್ತಾಗುತ್ತದೆ. ಗಾಡಿ ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ಬಂದು ಪೈಪ್‌ನಲ್ಲಿದ್ದ ಎಣ್ಣೆಯನ್ನೆಲ್ಲ ಖಾಲಿ ಮಾಡಬೇಕು. ಇದನ್ನು ಬಿಟ್ಟರೆ ಮಾರನೇ ದಿನ ತಣ್ಣಗಿನ ಎಣ್ಣೆಯಲ್ಲೇ ಸ್ಟಾರ್ಟ್ ಮಾಡಬೇಕಾಗುತ್ತದೆ.

ಎಲ್ಲ ಡೀಸೆಲ್ ಕಾರಿಗೂ ಇದು ಆಗುವುದಿಲ್ಲ. ನನ್ನ ಇಂಜಿನ್‌ನಲ್ಲಿ ಇಂಧನ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರ್‌ಗೆ ಬರುತ್ತದೆ. ನಾಜಲ್ ತೆರೆಯುವುದು ಸುಮಾರು 120 ಬಾರ್ ಒತ್ತಡಕ್ಕೆ. ಬಾಷ್‌ನ ಇನ್‌ಲೈನ್ ಪಂಪ್‌ಗೆ ಇಂಜಿನ್ ಆಯಿಲಿನ ಲೂಬ್ರಿಕೇಶನ್ ಇದೆ. ಇದೆಲ್ಲ ಸೇರಿಯೇ ಆ ಕಾಲದ ಇಂಜಿನ್‌ಗಳಿಗೆ ಇಷ್ಟೊಂದು ತಾಳಿಕೆ. ರೋಟರಿ ಪಂಪ್ ಇರುವ ಕಾರಾದರೆ ಹುಷಾರು, ಅದಕ್ಕೆ ಇಂಧನವೇ ಲೂಬ್ರಿಕೇಶನ್. ತಣ್ಣಗಿನ ಮಂದ ಎಣ್ಣೆ ಹೋದರೆ ಒಳಗೆ ಒತ್ತಡ ಬಿದ್ದು ಮುರಿಯುವ ಸಾಧ್ಯತೆ ಇದೆ. 1997ರಿಂದ ಕಾರುಗಳಿಗೆ ಬಂದ, ತುಂಬಾ ಹೆಚ್ಚು ಒತ್ತಡದಲ್ಲಿ ಇಂಧನ ಚಿಮ್ಮಿಸುವ ಕಾಮನ್ ರೈಲ್, ಹೊಗೆ ಪೈಪ್‌ನಲ್ಲಿ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಗಾಡಿ, ಇವುಗಳಿಗೆ ಬೇಡವೇ ಬೇಡ.

ಈಗ ಸೋಸುವ ಕೆಲಸ. ನಿಜವಾದ ಶ್ರಮ ಇಲ್ಲೇ. ತಂದ ಎಣ್ಣೆಯನ್ನು ನಾನು ಡ್ರಮ್‌ನಲ್ಲಿ ವಾರಗಟ್ಟಲೆ ಅಲುಗಾಡಿಸದೆ ಬಿಡುತ್ತೇನೆ. ಗಸಿ, ನೀರು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಪೈಪ್‌ನಿಂದ ಎಳೆದು, ಬಟ್ಟೆ, ಆಮೇಲೆ 5 ಮೈಕ್ರಾನ್, ಕೊನೆಗೆ 1 ಮೈಕ್ರಾನ್ ಚೀಲದಲ್ಲಿ ಸೋಸುತ್ತೇನೆ. ಬಿಸಿ ಮಾಡಿ ಸೋಸಿದರೆ ಬೇಗ ಇಳಿಯುತ್ತದೆ ಅಂತ ಸುಮಾರು ಜನ ಹಾಗೆ ಮಾಡುತ್ತಾರೆ. ಆದರೆ ಬಿಸಿಗೆ ಗಟ್ಟಿ ಕೊಬ್ಬು ಕರಗಿ ಫಿಲ್ಟರ್ ದಾಟಿಬಿಡುತ್ತದೆ. ಆರಿದ ಮೇಲೆ ಕಾರಿನ ಟ್ಯಾಂಕ್‌ನಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ನಿಧಾನವಾದರೂ ತಣ್ಣಗಿದ್ದಾಗ ಸೋಸುವುದೇ ಸರಿ.

ನೀರಿನ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಒಂದು ಬಾಣಲೆ ಚೆನ್ನಾಗಿ ಕಾಯಿಸಿ, ಎರಡು ಹನಿ ಎಣ್ಣೆ ಬಿಡಿ. ಸುಮ್ಮನೆ ಹರಡಿಕೊಂಡರೆ ಸರಿ. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದರೆ ಇನ್ನೂ ನೀರಿದೆ. ಚಟಪಟ ಸಿಡಿದರೆ ಆ ಡ್ರಮ್ ಮತ್ತೆ ಮೂಲೆಗೆ ಹೋಗಬೇಕು. ನೋಡಲು ಕನ್ನಡಿಯ ಹಾಗೆ ತಿಳಿಯಾಗಿರುವ ಎಣ್ಣೆಯೂ ಈ ಬಾಣಲೆಯಲ್ಲಿ ಗುಳ್ಳೆ ಎಬ್ಬಿಸಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಸ ಬಂದರೆ ಫಿಲ್ಟರ್ ಕಟ್ಟಿ ಗಾಡಿ ನಿಲ್ಲುತ್ತದೆ ಅಷ್ಟೆ. ನೀರು ಮಾತ್ರ ಪಂಪ್‌ನ ಒಳಗೇ ತುಕ್ಕು ಹಿಡಿಸುತ್ತದೆ.

ಮೈಲೇಜ್ ತುಸು ಕಡಿಮೆ. ಪಿಕಪ್‌ನಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಬೂಟ್‌ನಲ್ಲಿ ಒಂದು ಹೊಸ ಫ್ಯೂಯೆಲ್ ಫಿಲ್ಟರ್ ಸದಾ ಇರುತ್ತದೆ. ತಾಮ್ರದ ಪೈಪ್ ಎಲ್ಲೂ ಹಾಕಬೇಡಿ. ತಾಮ್ರ ತಾಗಿದರೆ ಎಣ್ಣೆ ಬೇಗ ಕೆಟ್ಟು ಅಂಟಾಗುತ್ತದೆ.

ಇಂಜಿನ್ ಆಯಿಲ್ ಮೇಲೆ ಮಾತ್ರ ಜಾಸ್ತಿ ಕಣ್ಣಿಡಬೇಕು. ಉರಿಯದೆ ಉಳಿದ ಎಣ್ಣೆ ರಿಂಗ್ ದಾಟಿ ಕೆಳಗೆ ಇಳಿದರೆ ಆಯಿಲ್ ಜೊತೆ ಸೇರುತ್ತದೆ. ಡೀಸೆಲ್ ಆದರೆ ಬಿಸಿಗೆ ಸ್ವಲ್ಪ ಆವಿಯಾಗಿ ಹೋಗುತ್ತಿತ್ತು, ಇದು ಹೋಗುವುದಿಲ್ಲ. ಕೂಡುತ್ತಾ ಕೂಡುತ್ತಾ ಒಂದು ಹಂತದಲ್ಲಿ ಇಡೀ ಆಯಿಲ್ ಗಟ್ಟಿಯಾಗಬಹುದು. ನಾನು ಕಂಪನಿ ಹೇಳಿದ್ದರ ಅರ್ಧ ದೂರಕ್ಕೇ ಆಯಿಲ್ ಬದಲಿಸುತ್ತೇನೆ. ಡಿಪ್‌ಸ್ಟಿಕ್ ಎಳೆದಾಗ ಮಟ್ಟ ನೋಡುವುದರ ಜೊತೆಗೆ ಬೆರಳ ನಡುವೆ ಉಜ್ಜಿಯೂ ನೋಡುತ್ತೇನೆ. ಮಟ್ಟ ಏರಿದ್ದರೆ ಅಥವಾ ಎಳೆ ಬಂದರೆ ಆವತ್ತೇ ಇಳಿಸುವುದು.

ಡೀಸೆಲ್ ಇಂಜಿನ್ ಹುಟ್ಟಿದ್ದೇ ಕಡಲೆಕಾಯಿ ಎಣ್ಣೆಗಾಗಿ, ಏನೂ ಆಗಲ್ಲ ಅಂತ ಧೈರ್ಯ ಹೇಳುವವರು ಸಿಗುತ್ತಾರೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಇಂಜಿನನ್ನು ಆ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದು ನಿಜ. ಅದು ಫ್ರೆಂಚ್ ಸರ್ಕಾರದ ಕೋರಿಕೆಯ ಮೇಲೆ ಮಾಡಿದ ಪ್ರಯೋಗ. ಅದನ್ನು ನಂಬಿಕೊಂಡು ಕಾಯಿಸದ ಎಣ್ಣೆ ಸುರಿಯಬೇಡಿ.

ಕಾನೂನು ದೇಶಕ್ಕೊಂದು ಥರ. ಬ್ರಿಟನ್‌ನಲ್ಲಿ 2007ರಿಂದ ವರ್ಷಕ್ಕೆ 2,500 ಲೀಟರ್‌ವರೆಗೆ ತಾವೇ ಬಳಸುವವರಿಗೆ ಇಂಧನ ಸುಂಕ ಇಲ್ಲ. ನಿಮ್ಮಲ್ಲಿ ತೆರಿಗೆ, ವಿಮೆ, ಹೊಗೆ ತಪಾಸಣೆಯ ನಿಯಮ ಏನಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ದೂರದ ಓಡಾಟ ಇರುವವರಿಗೆ, ಕೈ ಜಿಡ್ಡಾಗುವುದಕ್ಕೆ ಬೇಸರ ಇಲ್ಲದವರಿಗೆ ನಾನು ಖಂಡಿತ ಹೇಳುತ್ತೇನೆ, ಮಾಡಿ. ಹತ್ತಿರ ಹತ್ತಿರದ ಓಡಾಟವೇ ಜಾಸ್ತಿ ಅಂದರೆ ಬೇಡ. ಎಣ್ಣೆ ಕಾಯುವಷ್ಟರಲ್ಲಿ ನೀವು ಹೋಗುವ ಜಾಗವೇ ಬಂದಿರುತ್ತದೆ. ಅಂಥವರಿಗೆ ಇದೇ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ವಾಸಿ. ಮೆಥನಾಲ್ ಸೇರಿಸಿ ಸಂಸ್ಕರಿಸಿದ ಮೇಲೆ ಅದು ಡೀಸೆಲ್‌ಗೆ ಹತ್ತಿರದಷ್ಟು ತೆಳುವಾಗಿರುತ್ತದೆ, ಎರಡನೇ ಟ್ಯಾಂಕ್ ಬೇಕಾಗುವುದಿಲ್ಲ. ಹಳೆ ಕಾರಾದರೆ ಮೊದಲು ರಬ್ಬರ್ ಪೈಪ್‌ಗಳನ್ನು ಮಾತ್ರ ಬದಲಿಸಿಕೊಳ್ಳಿ.